ಫರ್ಸಿಯ ಕೆಳಮಗ್ಗಲು

ವಿಜಯಪುರದವರಾದ ನಮಗೆ ಇತಿಹಾಸವೆಂದರೆ ಕತ್ತು ಮೇಲೆತ್ತುವುದು. ಟಿಕೋಟಾದಿಂದ ಹೊರಟ ಬಸ್ಸಿನಲ್ಲಿ ಎಷ್ಟೇ ನಿದ್ದೆ ಹತ್ತಿರಲಿ, ಗೋಲಗುಮ್ಮಟ ಕಂಡರೆ ಊರು ಬಂತೆಂದು ಲೆಕ್ಕ. ಬಬಲೇಶ್ವರದ ಅತ್ತೆಯ ಮನೆಗೆ ಬೀಗರು ಬಂದರೂ ಮೊದಲು ಗುಮ್ಮಟ ಹತ್ತಿಸಿ, ಏಳು ಸಲ ಮರುದನಿ ಕೇಳಿಸಿಯೇ ಊಟಕ್ಕಿಡುವುದು. ಆದಿಲಶಾಹಿಗಳ ಕರೇಜ್ ಸುರಂಗಬಾವಿಗಳನ್ನು ಬಿಟ್ಟರೆ, ನೆಲದೊಳಗೆ ಇಣುಕುವ ರೂಢಿ ನಮಗಿಲ್ಲ.

ಸಿಂದಗಿ, ಜೇವರ್ಗಿ ದಾಟಿ ಭೀಮಾತೀರದ ಸನ್ನತಿಗೆ ಹೋದದ್ದು ಚಂದ್ರಲಾಂಬೆಯ ಹರಕೆ ತೀರಿಸಲು, ಬುದ್ಧನಿಗಾಗಿ ಅಲ್ಲ, ಸುಳ್ಳೇಕೆ ಹೇಳಲಿ? ಅಲ್ಲಿನ ಕಾಳಿ ಗುಡಿಯ ಮಾಳಿಗೆ 1986ರಲ್ಲಿ ಕುಸಿಯಿತು. ದುರಸ್ತಿಗೆ ಇಳಿದವರು ನೋಡಿದರೆ, ದೇವಿಯ ಪೀಠದ ಕಲ್ಲಿನ ಎರಡೂ ಮಗ್ಗಲಿಗೆ ಬ್ರಾಹ್ಮೀ ಅಕ್ಷರ. ಅಶೋಕನ ಶಾಸನ! ಮೂರ್ತಿ ನಿಲ್ಲಿಸಲು ಯಾರೋ ಪುಣ್ಯಾತ್ಮ ನಟ್ಟನಡುವೆ ಚೌಕಾಗಿ ತೂತು ಕೊರೆದಿದ್ದ. ಅಷ್ಟು ಅಕ್ಷರ ಹೋದವು. ಉಳಿದವುಗಳಲ್ಲಿ ಹನ್ನೆರಡನೆಯ ಶಾಸನವಿದೆ: ತನ್ನ ಮತವನ್ನು ಹೊಗಳಿಕೊಂಡು ಇನ್ನೊಬ್ಬರದನ್ನು ಹಳಿಯಬೇಡ, ಅವರದನ್ನೂ ಗೌರವಿಸು ಎನ್ನುವುದು. ಆ ಮಾತನ್ನು ಅಷ್ಟು ಕಾಲ ಕಾಲಡಿ ಇಟ್ಟುಕೊಂಡು ಕಾದವಳು ಕಾಳಮ್ಮ. ತೂತು ಕೊರೆದವನ ಮೇಲೆ ನನಗೆ ಸಿಟ್ಟಿಲ್ಲ. ಅವನು ಒಯ್ಯದಿದ್ದರೆ ಆ ಕಲ್ಲು ಯಾವುದೋ ಬಾವಿಯ ಮೆಟ್ಟಿಲಾಗಿ ಸವೆದಿರುತ್ತಿತ್ತು.

ಅಲ್ಲಿಗೆ ಹತ್ತಿರದ್ದೇ ಕನಗನಹಳ್ಳಿ. ಭಾರತೀಯ ಪುರಾತತ್ವ ಇಲಾಖೆ 1994ರಲ್ಲಿ ಅಲ್ಲಿಯ ದಿಬ್ಬ ಅಗೆಯತೊಡಗಿದಾಗ ಒಳಗಿದ್ದದ್ದು ದೊಡ್ಡ ಬೌದ್ಧ ಸ್ತೂಪ. ಅದರ ಹೆಸರು ಅಧೋಲೋಕ ಮಹಾಚೈತ್ಯವೆಂದು ಅಲ್ಲಿನ ಬರಹಗಳೇ ಹೇಳಿದವು. ಹೆಸರಿಟ್ಟವರಿಗೆ ಮುಂದಿನದು ಗೊತ್ತಿತ್ತೋ ಏನೋ! ಹಾಸುಗಲ್ಲುಗಳು ಕಳಚಿ ಬಿದ್ದಿದ್ದವು. ಬುದ್ಧನಿರಬೇಕಾದ ಕಡೆ ಎಷ್ಟೋ ಕಲ್ಲುಗಳಲ್ಲಿ ಪಾದ, ಚಕ್ರ, ಖಾಲಿ ಪೀಠ. ಇನ್ನೊಂದರಲ್ಲಿ ರಾಜ, ರಾಣಿ, ಸೇವಕಿಯರು, ಮೇಲೊಂದು ಕೊಡೆ. ಜೊತೆಗೆ ಬ್ರಾಹ್ಮಿಯಲ್ಲಿ 'ರಾಯ ಅಸೋಕೋ'. ಶಾಸನಗಳಲ್ಲಿ ಮಾತಾಗಿಯೇ ಉಳಿದಿದ್ದ ದೊರೆಗೆ ಹೆಸರು ಸಮೇತ ಮುಖ ಸಿಕ್ಕಿತು. ಕೆತ್ತಿದ್ದು ಶಾತವಾಹನರ ಕಾಲದಲ್ಲಿ. ಅಂದರೆ ಅವನನ್ನು ಕಣ್ಣಾರೆ ಕಂಡವರಲ್ಲ, ಕಿವಿಯಾರೆ ಕೇಳಿದವರು. ಆದರೂ ನಾನು ನಂಬಿದೆ. ಗೋಡೆಯ ಮೇಲಿನ ಮುತ್ತಜ್ಜನ ಪಟವನ್ನು ನಂಬುವುದಿಲ್ಲವೇ, ಹಾಗೆ.

ನನ್ನ ಕಣ್ಣು ನೆಟ್ಟದ್ದು ಚಿತ್ರಕ್ಕಿಂತ ಕಲ್ಲಿನ ಮೇಲೆ. ಆ ಸೀಮೆಯದೇ ಸುಣ್ಣದಕಲ್ಲು, ಶಹಾಬಾದ ಫರ್ಸಿಯ ಬಳಗ. ಟಿಕೋಟಾದ ನಮ್ಮ ಮನೆಯ ಪಡಸಾಲೆ, ಅಡುಗೆಮನೆ, ಬಚ್ಚಲು ಎಲ್ಲಕ್ಕೂ ಹಾಸಿದ್ದು ಅದೇ. ಬ್ಯಾಸಗಿಯಲ್ಲಿ ಅದಕ್ಕೆ ಬೆನ್ನು ಹಚ್ಚಿ ಮಲಗಿಯೇ ನಾನು ಬೆಳೆದವನು.

"ಎಲ್ಲಿಂದ ಬಂದೀರಿ?" ಎಂದು ಅಲ್ಲಿ ದನ ಹೊಡೆದುಕೊಂಡು ಹೊರಟಿದ್ದ ಅಜ್ಜ ಕೇಳಿದ.

"ಬಿಜಾಪುರದಿಂದ, ಅಜ್ಜಾರ."

"ಗೋಲಗುಮಟ ಬಿಟ್ಟು ಬಿದ್ದ ಕಲ್ಲು ನೋಡ್ಲಾಕ ಬಂದೀರೇನ್ರಿ?" ಎಂದು ನಕ್ಕ. ತುಸು ದೂರ ಹೋದವನು ಹೊರಳಿ ನಿಂತು, "ಬೋರಲ ಬಿದ್ದಿದ್ದ ಕಲ್ಲು ಮಗುಚಿದ ಮ್ಯಾಲೇ ಚಿತ್ರ ಕಂಡವ್ರೀ" ಎಂದ.

ಆ ಮಾತು ಊರ ತನಕ ಬಿಡಲಿಲ್ಲ. ಮರುದಿನ ದ್ರಾಕ್ಷಿ ತೋಟಕ್ಕೆ ಹೊರಟಿದ್ದ ಇಬ್ಬರು ಹುಡುಗರನ್ನು ಕರೆದು, ಹಿತ್ತಲಲ್ಲಿ ಅವ್ವ ನಲವತ್ತು ವರ್ಷ ಬಟ್ಟೆ ಒಗೆದ ಫರ್ಸಿಯನ್ನು ಹಾರಿ ಹಾಕಿ ಮಗುಚಿಸಿದೆ. ಎರಡು ಚೇಳು ಇದ್ದವು. ಅಕ್ಷರ ಒಂದೂ ಇರಲಿಲ್ಲ.