ಒಂದು ತಾಸಿನ ಬೆಂಗಳೂರು

‘ಹುಬ್ಬಳ್ಳ್ಯಾಗ ವಿಮಾನ ಹತ್ತಿದರ ಬೆಂಗಳೂರು ಒಂದ ತಾಸು’ ಎಂಬ ಮಾತು ಈಗ ನಮ್ಮ ನವಲಗುಂದದ ಚಹಾದಂಗಡಿಯಲ್ಲೂ ಕೇಳುತ್ತದೆ. 2017ರ ಡಿಸೆಂಬರಿನಲ್ಲಿ ಹುಬ್ಬಳ್ಳಿಗೆ ಹೊಸ ಟರ್ಮಿನಲ್ ಬಂದ ಮೇಲಂತೂ ಹೆಚ್ಚು. ಬ್ಯಾಂಕಿನಲ್ಲಿ ಲೆಡ್ಜರ್ ಬರೆದು ಮುದುಕನಾದವನು ನಾನು; ಅಂಕಿ ಕಂಡರೆ ತಾಳೆ ನೋಡದೆ ಬಿಡಲಾಗುವುದಿಲ್ಲ.

ಮಕ್ಕಳೇ, ಅಟ್ಲಾಸ್ ತೆಗೆಯಿರಿ. ಹುಬ್ಬಳ್ಳಿಯ ನಿಲ್ದಾಣದಿಂದ ಬೆಂಗಳೂರಿನದು ಸುಮಾರು 240 ಕಿ.ಮೀ. ದಕ್ಷಿಣಕ್ಕೆ, 280 ಕಿ.ಮೀ. ಪೂರ್ವಕ್ಕೆ. ಪೈಥಾಗೊರಸ್ ಲೆಕ್ಕ ಹಾಕಿದರೆ ನೇರ ಅಂತರ ಸುಮಾರು 370. ಹಾವೇರಿ, ದಾವಣಗೆರೆ, ಚಿತ್ರದುರ್ಗದ ರಸ್ತೆ 400 ದಾಟುತ್ತದೆ. ರೈಲು ಬೀರೂರು, ಅರಸೀಕೆರೆ ಸುತ್ತಿಕೊಂಡು 469 ಕಿ.ಮೀ. ಓಡುತ್ತದೆ.

ಫ್ಯಾನಿನಂಥ ರೆಕ್ಕೆ ತಿರುಗುವ ಎಟಿಆರ್ ವಿಮಾನದ ವೇಗ ಗಂಟೆಗೆ ಸುಮಾರು 500 ಕಿ.ಮೀ. ಹಾಗಾದರೆ ಮುಕ್ಕಾಲು ತಾಸು ಸಾಕಲ್ಲವೇ? ಸಾಲದು. ಏರುವಾಗ, ಇಳಿಯುವಾಗ ಆ ವೇಗ ಇರುವುದಿಲ್ಲ. ಅಲ್ಲದೆ ಟಿಕೆಟ್ಟಿನ ಸಮಯವೆಂದರೆ ಬರೀ ಹಾರಾಟದ್ದಲ್ಲ. ವಿಮಾನ ನಿಂತ ಜಾಗ ಬಿಟ್ಟಾಗಿನಿಂದ ಆ ಊರಿನಲ್ಲಿ ಮತ್ತೆ ನಿಲ್ಲುವವರೆಗಿನ ಲೆಕ್ಕ ಅದು. ಒಂದೂಕಾಲು ತಾಸು ಅನ್ನಿ.

ಹೋದ ವರ್ಷ ಬೆಂಗಳೂರಿನಲ್ಲಿ ಅಕ್ಕನಿಗೆ ಹೃದಯದ ಆಪರೇಷನ್ ಗೊತ್ತಾಯಿತು. ಹಿಂದಿನ ರಾತ್ರಿ 11ಕ್ಕೆ ಅವಳ ಮಗನ ಫೋನು: ‘ಮಾಮಾ, ನಾಳೆ 3ಕ್ಕ ಒಳಗ ಕರಕೊಂಡ ಹೋಗ್ತಾರ. ಅವ್ವ ನಿಮ್ಮನ್ನ ಕೇಳಾಕತ್ಯಾಳ. ಒಂದ ತಾಸಿನ ಹಾದಿ, ಬಂದಬಿಡ್ರಿ.’ ರಾತ್ರಿ ಬಸ್ಸುಗಳು ಹೋಗಿಯಾಗಿತ್ತು. ಧಾರವಾಡದ ವಂದೇ ಭಾರತ್ ಹೊರಡುವುದೇ ಮಧ್ಯಾಹ್ನ.

ಬೆಳಿಗ್ಗೆ 7ಕ್ಕೆ ನವಲಗುಂದದಲ್ಲಿ ಬಸ್ಸು ಹತ್ತಿದೆ. 8.20ಕ್ಕೆ ಹುಬ್ಬಳ್ಳಿ. ಗೋಕುಲ ರಸ್ತೆಯ ನಿಲ್ದಾಣಕ್ಕೆ ಆಟೊ, 9 ಗಂಟೆ. ಆಮೇಲೆ ಸಾಲು, ತಪಾಸಣೆ, ಕಾಯುವುದು. 10.40ಕ್ಕೆ ವಿಮಾನ ಹೊರಟಿತು. ಕೆಳಗೆ ನಮ್ಮ ಎರೆ ಹೊಲಗಳು ಕಪ್ಪಗೆ, ಚೌಕ ಚೌಕವಾಗಿ ಕಂಡವು. ಬರುಬರುತ್ತ ಕೆಂಪು ನೆಲ, ಕೆರೆಗಳು. ಚಂದವಿತ್ತು. ನೋಡುವ ಮನಸ್ಸಿರಲಿಲ್ಲ.

11.55ಕ್ಕೆ ದೇವನಹಳ್ಳಿ. ಅಲ್ಲಿಂದ ವಾಯು ವಜ್ರ ಬಸ್ಸು ಹೆಬ್ಬಾಳದ ಹತ್ತಿರ ನಿಂತೇಬಿಟ್ಟಿತು. ಮಳೆಗಾಲದಲ್ಲಿ ಬೆಣ್ಣಿಹಳ್ಳ ತುಂಬಿದಾಗ ಹೀಗೇ ಆಚೆ ದಡದಲ್ಲಿ ಕೂತಿರುತ್ತಿದ್ದೆವು. ಆಗ ಹಳ್ಳ ಇಳಿಯುವುದನ್ನಾದರೂ ನೋಡಬಹುದಿತ್ತು. ಇಲ್ಲಿ ಮುಂದಿನ ಕಾರಿನ ಕೆಂಪು ದೀಪ ಬಿಟ್ಟರೆ ನೋಡಲು ಏನೂ ಇರಲಿಲ್ಲ.

ಜಯನಗರದ ಆಸ್ಪತ್ರೆ ಮುಟ್ಟಿದಾಗ 2.35. ಒಟ್ಟು 7 ತಾಸು 35 ನಿಮಿಷ.

ಅಕ್ಕನಿಗೆ ಹಸಿರು ಅಂಗಿ ತೊಡಿಸಿದ್ದರು. ನನ್ನ ಕೈ ಹಿಡಿದು, ‘ಇಷ್ಟ ಲಗೂ ಹ್ಯಾಂಗ ಬಂದ್ಯೋ? ಉಂಡಿಯೇನು?’ ಅಂದಳು. ಚಹಾ ಸಹ ಕುಡಿದಿರಲಿಲ್ಲ. ‘ಉಂಡೀನಿ’ ಅಂದೆ. ಹತ್ತು ನಿಮಿಷ ಮಾತಾಡಿದೆವು, ಅಷ್ಟರಲ್ಲಿ ಗಾಲಿಮಂಚ ಬಂತು.

ಆಪರೇಷನ್ ಚೆನ್ನಾಗಿ ಆಯಿತು. ತಿಂಗಳ ಮೇಲೆ, ಡಾಕ್ಟರು ಹೂಂ ಅಂದ ಬಳಿಕ, ಅವಳನ್ನು ರಾತ್ರಿ ರೈಲಿನಲ್ಲಿ ಕರೆತಂದೆ. 469 ಕಿಲೋಮೀಟರೂ ಮಲಗಿಯೇ ಬಂದಳು. ಬೆಳಕು ಹರಿಯುವಾಗ ಕುಂದಗೋಳ ಸ್ಟೇಷನ್ ದಾಟಿತು. ಅಕ್ಕ ಎದ್ದು ಕೂತು, ಸೆರಗು ಸರಿಮಾಡಿಕೊಂಡು, ಕಿಟಕಿಯಾಚೆ ಯಾರ ಹೊಲದಲ್ಲಿ ಏನು ಬಿತ್ತಿದ್ದಾರೆಂದು ನೋಡತೊಡಗಿದಳು.