ಅರಿಶಿನ ಎಲೆಯ ಊರಿನಲ್ಲಿ

ನಾಗರ ಪಂಚಮಿಯ ಹಿಂದಿನ ದಿನ ಬ್ರಹ್ಮಾವರದಲ್ಲಿ ಬಸ್ಸು ಹತ್ತಿದರೆ ಕೂರಲು ಜಾಗ ಸಿಕ್ಕುವುದು ಕಷ್ಟ. ಸಿಕ್ಕಿದರೂ ಕಾಲಿಡಲು ಜಾಗವಿರುವುದಿಲ್ಲ. ಸೀಟಿನ ಕೆಳಗೆ, ಬಾಗಿಲ ಬಳಿ, ಡ್ರೈವರನ ಪಕ್ಕದಲ್ಲಿ, ಎಲ್ಲೆಲ್ಲೂ ಬಾಳೆನಾರಿನಲ್ಲಿ ಬಿಗಿದ ಅರಿಶಿನ ಎಲೆಯ ಕಟ್ಟುಗಳು, ಹಿಂಗಾರ, ಕೇದಗೆ. ಹೊರಗೆ ಧೋ ಎಂದು ಸುರಿಯುವ ಮಳೆ, ಕಿಟಕಿಗಳೆಲ್ಲ ಬಂದ್. ಒಳಗೆ ಮಾತ್ರ ಪರಿಮಳವೋ ಪರಿಮಳ! ಕೋಟ ದಾಟಿ ಕುಂದಾಪುರಕ್ಕೆ ಬರುವಷ್ಟರಲ್ಲಿ ನನ್ನ ಸೀರೆಯ ಸೆರಗಿಗೂ ಅದೇ ವಾಸನೆ ಹತ್ತಿತ್ತು.

ಎರಡು ವರ್ಷದ ಕೆಳಗೆ ಹಬ್ಬಕ್ಕೆಂದು ಬೈಂದೂರಿನ ಅತ್ತಿಗೆಯ ಮನೆಗೆ ಹೊರಟಿದ್ದೆ. ಅತ್ತಿಗೆ ಎಂದರೆ ನಮ್ಮ ಯಜಮಾನರ ಅಕ್ಕ. ನಾನು ಬಯಲುಸೀಮೆಯವಳು. ಬರಿಗೈಲಿ ಹೋಗಬಾರದೆಂದು ಪೇಟೆಯಲ್ಲಿ ಹೊಸದಾಗಿ ಬಂದ ಏಲಕ್ಕಿ ಎಣ್ಣೆಯ ಪುಟ್ಟ ಸೀಸೆಯೊಂದನ್ನು ಚೀಲದಲ್ಲಿಟ್ಟುಕೊಂಡಿದ್ದೆ. "ಒಂದೇ ಹನಿ ಸಾಕು, ಕುಟ್ಟುವ ಕೆಲಸವೇ ಇಲ್ಲ" ಎಂದಿದ್ದ ಅಂಗಡಿಯವ. ನನಗೂ ಅದನ್ನು ಅತ್ತಿಗೆಗೆ ತೋರಿಸಿ ಜಂಬ ಕೊಚ್ಚಿಕೊಳ್ಳುವ ಆಸೆ.

ಮರವಂತೆಯಲ್ಲಿ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕಾ ನದಿ, ನಡುವೆ ರಸ್ತೆ. ನೋಡಿದವರಿಗೆ ಹೇಳಬೇಕಾಗಿಲ್ಲ, ನೋಡದವರಿಗೆ ಹೇಳಿ ತಿಳಿಯುವುದಿಲ್ಲ.

ಮರುದಿನ ಬೆಳಗ್ಗೆ ಎದ್ದಾಗಲೇ ಕರೆಂಟು ಇರಲಿಲ್ಲ. ಅತ್ತಿಗೆ ನಾಗಬನಕ್ಕೆ ಹಾಲೆರೆಯಲು ಹೋಗಿದ್ದರು. ಕಡಲೆಬೇಳೆ ಪಾಯಸದ ಜವಾಬ್ದಾರಿ ನನ್ನದು. ಬೇಳೆ ಬೆಂದು, ಬೆಲ್ಲ ಕರಗಿ, ಕಾಯಿಹಾಲು ಬಿದ್ದು ಹದವಾಗಿತ್ತು. ಕತ್ತಲಲ್ಲೇ ಗೂಡಿಗೆ ಕೈ ಹಾಕಿ ಸೀಸೆ ತೆಗೆದು ನಾಲ್ಕು ಹನಿ ಬಿಟ್ಟೆ. ಘಮ್ಮೆಂದು ಮೂಗಿಗೆ ಬಡಿದಾಗಲೇ ಎದೆ ಧಸಕ್ಕೆಂದಿತು. ಅದು ಅಜ್ಜಿ ಶೀತಕ್ಕೆ ಹಚ್ಚಿಕೊಳ್ಳುವ ನೀಲಗಿರಿ ಎಣ್ಣೆ! ಹಿಂದಿನ ರಾತ್ರಿ ನಾನೇ ನನ್ನ ಸೀಸೆಯನ್ನು ಅದರ ಪಕ್ಕದಲ್ಲಿಟ್ಟಿದ್ದೆ. ಎರಡೂ ಒಂದೇ ಅಳತೆ, ಒಂದೇ ಕಂದು ಬಣ್ಣ. ಅತ್ತಿಗೆಯ ಮೂರು ವರ್ಷದ ಮೊಮ್ಮಗ ಲೋಟ ಹಿಡಿದು ನನ್ನ ಪಕ್ಕದಲ್ಲೇ ನಿಂತಿದ್ದ.

ಅಜ್ಜಿ ಜಗಲಿಯಿಂದಲೇ ಕೂಗಿದರು: "ಎಂತಾ ಹೆಣೆ, ಪಾಯ್ಸಕ್ಕೆ ಶೀತದ್ ಮದ್ದ್ ಹಾಕಿದ್ಯಾ?"

ಪಾತ್ರೆಯಷ್ಟೂ ಪಾಯಸ ತೆಂಗಿನ ಬುಡ ಸೇರಿತು. ಒಬ್ಬರೂ ನನ್ನನ್ನು ಬೈಯಲಿಲ್ಲ, ಅದೇ ನನಗೆ ಹೆಚ್ಚು ಸಂಕಟ. ಆಮೇಲೆ ವೈದ್ಯರೊಬ್ಬರನ್ನು ಕೇಳಿದಾಗ ತಿಳಿಯಿತು: ನೀಲಗಿರಿ ಎಣ್ಣೆ ಒಂದು ಟೀ ಚಮಚದಷ್ಟು ಹೊಟ್ಟೆಗೆ ಹೋದರೂ ಚಿಕ್ಕ ಮಗುವಿನ ಜೀವಕ್ಕೆ ಅಪಾಯ, ಕರ್ಪೂರದ ಎಣ್ಣೆಯಿಂದ ಫಿಟ್ಸ್ ಬರಬಹುದು. ಇಂಥವನ್ನು ಅಡಿಗೆಮನೆಯಲ್ಲಿ ಇಡಲೇಬೇಡಿ, ತಾಯಂದಿರೇ. ಬೀಗ ಹಾಕುವ ಕಪಾಟಿನಲ್ಲಿಡಿ.

ಆ ದಿನ ಹಬ್ಬವನ್ನು ಉಳಿಸಿದ್ದು ಕಡುಬು. ಪಂಚಮಿಯಂದು ಕರಿಯಬಾರದು, ಒಗ್ಗರಣೆ ಹಾಕಬಾರದು ಎನ್ನುವ ಮನೆಗಳು ಇಲ್ಲಿ ಬಹಳ. ಹಬೆಯ ಅಡಿಗೆಯೇ ಹಬ್ಬದಡಿಗೆ. ಎರಡು ಲೋಟ ಬೆಳ್ತಿಗೆ ಅಕ್ಕಿಯನ್ನು ಮೂರು ಗಂಟೆ ನೆನೆಸಿ, ಅರ್ಧ ಲೋಟ ಕಾಯಿತುರಿ, ಉಪ್ಪು ಸೇರಿಸಿ ಗಟ್ಟಿಯಾಗಿ ರುಬ್ಬಬೇಕು. ಇನ್ನೊಂದು ತೆಂಗಿನಕಾಯಿಯ ತುರಿಗೆ ಸಿಹಿಗೆ ತಕ್ಕಷ್ಟು ಬೆಲ್ಲ, ಏಲಕ್ಕಿ ಹಾಕಿ ಹೂರಣ. ಎಲೆ ತೊಳೆದು ಒರೆಸಿ, ಹಿಟ್ಟನ್ನು ತೆಳ್ಳಗೆ ಸವರಿ, ನಡುವೆ ಹೂರಣ ಹರಡಿ ಉದ್ದಕ್ಕೆ ಮಡಿಚಿ, ಇಡ್ಲಿ ಪಾತ್ರೆಯಲ್ಲಿ ಇಪ್ಪತ್ತು ಇಪ್ಪತ್ತೈದು ನಿಮಿಷ ಬೇಯಿಸಿದರಾಯಿತು. ಎಲೆ ತಾಜಾ ಇರಬೇಕು. ಬಾಡಿ ಒಣಗಿದ್ದರಲ್ಲಿ ಪರಿಮಳ ಅರ್ಧಕ್ಕರ್ಧ ಹೋಗಿರುತ್ತದೆ.

ಒಲೆಯ ಮುಂದೆ ಕುಳಿತಾಗ ನನಗೊಂದು ಹೊಳೆಯಿತು. ಸೀಸೆಗೆ ತುಂಬುವ ಸುಗಂಧದ ಎಣ್ಣೆಯನ್ನು ಹೆಚ್ಚಾಗಿ ತೆಗೆಯುವುದೂ ಹೀಗೆಯೇ. ಎಲೆ, ಕಾಯಿ, ತೊಗಟೆಯ ಮೇಲೆ ಹಬೆ ಹಾಯಿಸುತ್ತಾರೆ, ಎಣ್ಣೆ ಹಬೆಯ ಜೊತೆ ಹೊರಟುಬರುತ್ತದೆ, ತಣಿಸಿದರೆ ನೀರಿನಿಂದ ಬೇರೆಯಾಗುತ್ತದೆ. ಇಲ್ಲಿ ಹಬೆ ಹೊರಡಿಸಿದ ಎಣ್ಣೆ ಸೀದಾ ಹಿಟ್ಟಿಗೂ ಕಾಯಿಗೂ ಇಳಿಯುತ್ತದೆ. ಈ ಎಣ್ಣೆಗಳಿಗೆ ನೀರಿಗಿಂತ ಜಿಡ್ಡಿನ ಮೇಲೆ ಪ್ರೀತಿ ಜಾಸ್ತಿ. ತೆಂಗಿನಕಾಯಿ ಬಿದ್ದ ಅಡಿಗೆಯಲ್ಲಿ ಪರಿಮಳ ನಿಲ್ಲುವುದು ಅದಕ್ಕೇ. ಒಂದು ಕಡುಬಿಗೆ ಒಂದು ಎಲೆ, ಅಳತೆ ತಪ್ಪುವ ಪ್ರಶ್ನೆಯೇ ಇಲ್ಲ. ಸೀಸೆಯಲ್ಲಾದರೋ, ಒಂದು ಕಿಲೋ ಏಲಕ್ಕಿಯ ಎಣ್ಣೆ 50ರಿಂದ 80 ಗ್ರಾಮಿನಷ್ಟರಲ್ಲಿ ಅಡಗಿ ಕೂತಿರುತ್ತದೆ.

ಮುಂಡಕದ ಎಲೆಯ ಮೂಡೆಗೂ ಹಲಸಿನೆಲೆಯ ಕೊಟ್ಟೆಗೂ ಇದೇ ನ್ಯಾಯ. ಒಂದೇ ಹಿಟ್ಟು, ಎಲೆ ಬದಲಾದರೆ ರುಚಿ ಬೇರೆ. ಮೂಡೆಯ ಎಲೆಯ ಮುಳ್ಳು ತೆಗೆದು, ಬೆಂಕಿಗೆ ಬಾಡಿಸಿ ಸುತ್ತುವ ಕೆಲಸ ಮಾತ್ರ ನನ್ನ ಕೈಗೆ ಇನ್ನೂ ಹತ್ತಿಲ್ಲ.

ವಾಪಸು ಬರುವಾಗ ಗಂಗೊಳ್ಳಿಯ ಕೊಂಕಣಿ ಗೆಳತಿಯ ಮನೆಗೂ ಹೋಗಿಬಂದೆ. ಅವರಲ್ಲಿ ತೆಪ್ಪಳದ ಕಾರುಬಾರು. ಒಣಗಿದ ಪುಟ್ಟ ಕಾಯಿ, ಬಾಯಿಗಿಟ್ಟರೆ ನಾಲಿಗೆ ಜುಮ್ಮೆನ್ನುತ್ತದೆ. ಒಳಗಿನ ಕರಿಬೀಜ ಎಸೆದು ಸಿಪ್ಪೆಯನ್ನಷ್ಟೇ ಜಜ್ಜಿ, ಸಾರು ಇಳಿಸುವ ಹೊತ್ತಿಗೆ ಹಾಕುತ್ತಾರೆ. ಮೊದಲೇ ಹಾಕಿ ಕುದಿಸಿದರೆ ಘಮ ಹಾರಿಹೋಗುತ್ತದಂತೆ. ಬಂಗುಡೆ ಸಾರಿಗೆ ಅದಿಲ್ಲದಿದ್ದರೆ ಆಗದು, ತರಕಾರಿ ಹುಳಿಗೂ ಒಪ್ಪುತ್ತದೆ ಎಂದಳು.

ನನ್ನ ಏಲಕ್ಕಿ ಎಣ್ಣೆಯನ್ನು ನಾನು ಎಸೆದಿಲ್ಲ. ಆಹಾರಕ್ಕೆಂದೇ ಚೀಟಿಯ ಮೇಲೆ ಬರೆದಿದ್ದನ್ನು ನೋಡಿಯೇ ಕೊಂಡದ್ದು. ಮೈಗೆ ಹಚ್ಚಲು, ಮನೆ ಘಮಘಮಿಸಲು ಮಾರುವಂಥದ್ದನ್ನು ಅಡಿಗೆಗೆ ಹಾಕಲೇಬಾರದು. ಸೀಸೆಯಿಂದ ನೇರವಾಗಿ ಪಾತ್ರೆಗೆ ಬಿಡಬೇಡಿ. ಒಂದು ಹನಿಯನ್ನು ಒಂದು ಚಮಚ ತುಪ್ಪದಲ್ಲಿ ಕಲಸಿಟ್ಟುಕೊಂಡು, ಒಲೆಯಿಂದ ಇಳಿಸಿದ ಮೇಲೆ ಸ್ವಲ್ಪ ಸ್ವಲ್ಪವೇ ಬೆರೆಸಿ ರುಚಿ ನೋಡಿ. ಒಂದು ಹನಿ ಎಂದರೆ ಸುಮಾರು ಮೂರು ಏಲಕ್ಕಿಕಾಯಿ ಎಂದು ಲೆಕ್ಕ ಹಿಡಿಯಿರಿ.

ಹೊರಡುವಾಗ ಅತ್ತಿಗೆ ಬೇರು ಸಮೇತ ಒಂದು ಅರಿಶಿನ ಗಿಡವನ್ನು ಒದ್ದೆ ಗೋಣಿಯಲ್ಲಿ ಸುತ್ತಿ ಕೊಟ್ಟಿದ್ದರು. "ಎಲಿ ಇಪ್ಪತಿಗೆ ಬಾಟ್ಲಿ ಎಂತಕ್ಕೆ?" ಎಂದು ಅಜ್ಜಿ ಕೊನೆಗೂ ಒಂದು ಮಾತು ಚುಚ್ಚಿದರು. ನೀರು ನಿಲ್ಲದ ದೊಡ್ಡ ಕುಂಡದಲ್ಲಿ, ಅರೆನೆರಳಲ್ಲಿ ಇಟ್ಟಿದ್ದೇನೆ. ಕಳೆದ ವರ್ಷದ ಪಂಚಮಿಗೆ ಒಂಬತ್ತು ಎಲೆ ಸಿಕ್ಕವು.