ಗುಲಾಬಿಯ ನೆಂಟರು

ಅಕ್ಟೋಬರಿನಲ್ಲಿ ಗುಲಾಬಿಯ ರೆಂಬೆ ಸವರಿದರೆ ಪುಣೆಯ ನಮ್ಮ ಅಂಗಳದಲ್ಲಿ ಡಿಸೆಂಬರಿಗೆ ಹೂವು. ಚಿಗುರಿನ ಬೆನ್ನಿಗೇ ಹಸಿರು ಹೇನು ಮುತ್ತುತ್ತದೆ. ನೆರೆಯವರು ಔಷಧಿ ಹೊಡೆಯಿರೆನ್ನುತ್ತಾರೆ. ಆದರೆ ಅದೇ ಎಲೆಯ ಮೇಲೆ ಹೇನು ತಿನ್ನುವ ಗುಲಗಂಜಿ ಹುಳುವೂ ಇದೆ. ವಿಷಕ್ಕೆ ಕಳ್ಳನೂ ಒಂದೇ, ಕಾವಲುಗಾರನೂ ಒಂದೇ. ನೀರನ್ನು ರಭಸವಾಗಿ ಹಾಯಿಸಿದರೆ ಸಾಕು, ಹೇನು ಉದುರುತ್ತದೆ.

ಬುಡದ ಕಳೆಗೆ ಮಾತ್ರ ದಯೆ ಸಲ್ಲದು. 1955ರಲ್ಲಿ ಪುಣೆಯಲ್ಲಿ ಕಣ್ಣಿಗೆ ಬಿದ್ದ ಪಾರ್ಥೇನಿಯಂ, ನಮ್ಮವರ ಬಾಯಲ್ಲಿ ಕಾಂಗ್ರೆಸ್ ಗಿಡ, ನನ್ನ ಮನೆಯಾಕೆಗೆ ಉಬ್ಬಸ ತರುತ್ತದೆ. ಹೂ ಬಿಡುವ ಮೊದಲೇ ಕೈಗವಸು ತೊಟ್ಟು ಬೇರುಸಹಿತ ಕೀಳುತ್ತೇನೆ. ಇದನ್ನು ಮೇಯಲೆಂದೇ ಮೆಕ್ಸಿಕೋದಿಂದ ತರಿಸಿದ ಜೀರುಂಡೆಯನ್ನು 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟರು. ಹುಳುವೆಂದ ಮಾತ್ರಕ್ಕೆ ಹಗೆಯಲ್ಲ, ಹಸಿರೆಂದ ಮಾತ್ರಕ್ಕೆ ನೆಂಟನಲ್ಲ.